ದೂರದೇಶದಲ್ಲಿ ಓದು ಎಡವಿದಾಗ

ಸಂಜೆ ಆರರ ಮೇಲೆ ಬಸವೇಶ್ವರನಗರದ ಯಾವುದಾದರೂ ಪಾರ್ಕಿನ ಕಲ್ಲುಬೆಂಚಿನ ಮೇಲೆ ಹತ್ತು ನಿಮಿಷ ಕೂತರೆ ಸಾಕು, ಭೂಗೋಳದ ಒಂದು ಪಾಠ ಮುಗಿದಿರುತ್ತದೆ. ಒಬ್ಬರ ಮಗ ಡಬ್ಲಿನ್‌ನಲ್ಲಿ, ಇನ್ನೊಬ್ಬರ ಮಗಳು ಮ್ಯೂನಿಕ್‌ನಲ್ಲಿ, ಮತ್ತೊಬ್ಬರ ಮೊಮ್ಮಗ ಡಲ್ಲಾಸ್‌ನಲ್ಲಿ. ತೊಂಬತ್ತರ ದಶಕದಲ್ಲಿ ರಾಜಾಜಿನಗರದ ಒಂದು ಬೀದಿಯಿಂದ ಹುಡುಗನೊಬ್ಬ ಅಮೆರಿಕಕ್ಕೆ ಓದಲು ಹೊರಟನೆಂದರೆ ಅರ್ಧ ಬೀದಿಯೇ ಹಾರ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗುತ್ತಿತ್ತು. ಈಗ ವಿಜಯನಗರದಲ್ಲಿ ವಿದೇಶಿ ಶಿಕ್ಷಣದ ಸಲಹಾ ಕೇಂದ್ರಗಳ ಫಲಕಗಳು ದರ್ಶಿನಿ ಹೋಟೆಲುಗಳ ಫಲಕಗಳಷ್ಟೇ ಸಾಮಾನ್ಯ. ಹೋಗುವುದು ಸುಲಭವಾಗಿದೆ. ಹೋದ ಮೇಲೆ ಏನಾಯಿತು ಎಂಬುದು ಮಾತ್ರ ಆ ಬೆಂಚಿನ ಮೇಲೆ ಅರ್ಧವೇ ಕೇಳಿಸುತ್ತದೆ. ‘ನನ್ನ ಮಗ ಮೊದಲ ಸೆಮಿಸ್ಟರಿನಲ್ಲೇ ಎರಡು ವಿಷಯ ಫೇಲಾಗಿದ್ದಾನೆ, ರಾತ್ರಿ ನಿದ್ದೆಯೇ ಬರುವುದಿಲ್ಲವಂತೆ’ ಎಂದು ಯಾವ ತಂದೆಯೂ ಅಲ್ಲಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಅಂಥ ಮಕ್ಕಳು ಇಲ್ಲವೆಂದಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನ್ನಂಥವರ ಮನೆಗೆ ಹಳೆಯ ವಿದ್ಯಾರ್ಥಿಗಳ ತಂದೆತಾಯಿ ಆಗಾಗ ಬರುವುದುಂಟು. ಸಿಹಿ ಹಂಚಲು ಬರುವವರು ಹಗಲಿನಲ್ಲಿ ಬರುತ್ತಾರೆ. ಕತ್ತಲಾದ ಮೇಲೆ ಬಂದು, ಚಪ್ಪಲಿ ಬಿಡುವಾಗಲೇ ದನಿ ತಗ್ಗಿಸುವವರು ಬೇರೆ. ‘ಮೇಷ್ಟ್ರೇ, ಯಾರಿಗೂ ಹೇಳಬೇಡಿ’ ಎಂದೇ ಅವರ ಮಾತು ಶುರುವಾಗುವುದು.

ಒಂದು ವರ್ಷ ಮಾತ್ರ ಹೀಗಿರಲಿಲ್ಲ. ಅದು 2022. ಆ ವರ್ಷ ಪರದೇಶದಲ್ಲಿ ಓದು ನಿಂತುಹೋದ ಮಕ್ಕಳ ತಂದೆತಾಯಿ ಯಾರಿಗೂ ಹೇಳಬೇಡಿ ಎನ್ನಲಿಲ್ಲ, ಎಲ್ಲರಿಗೂ ಹೇಳಿದರು. ಅದರ ಕಥೆಯನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಏಕೆಂದರೆ ಎಡವಿದ ಓದನ್ನು ಮತ್ತೆ ಎತ್ತಿ ನಿಲ್ಲಿಸುವುದು ಹೇಗೆಂಬುದಕ್ಕೆ ನಮ್ಮ ಕಾಲದಲ್ಲಿ ಅದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಯುದ್ಧದ ನಡುವೆ

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಆರಂಭಿಸಿದಾಗ ಅಲ್ಲಿ ಸಾವಿರಾರು ಭಾರತೀಯ ವಿದ್ಯಾರ್ಥಿಗಳಿದ್ದರು. ಬಹುಪಾಲು ವೈದ್ಯಕೀಯ ಓದುವವರು. ಏಕೆ ಅಷ್ಟು ದೂರ ಹೋಗಿದ್ದರು ಎಂಬುದು ಪಿಯುಸಿ ಮಕ್ಕಳಿರುವ ಪ್ರತಿ ಮನೆಗೂ ಗೊತ್ತು. ನೀಟ್ ಪಾಸಾದರೂ ಸರ್ಕಾರಿ ಸೀಟಿಗೆ ಸಾಲುವಷ್ಟು ರ‍್ಯಾಂಕ್ ಬಂದಿರುವುದಿಲ್ಲ. ಖಾಸಗಿ ಕಾಲೇಜಿನ ಶುಲ್ಕ ಕೇಳಿದರೆ ಮನೆ ಮಾರಬೇಕು. ಉಕ್ರೇನಿನಲ್ಲಿ ಆರು ವರ್ಷದ ಓದು ಅದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಮುಗಿಯುತ್ತಿತ್ತು.

ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಹೀಗೆ ಹೋದವರು. ಪಿಯುಸಿಯಲ್ಲಿ ನೂರಕ್ಕೆ 97 ಅಂಕ ಬಂದರೂ ಇಲ್ಲಿ ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಅವರ ತಂದೆ ಹೇಳಿದ್ದು ಆಗ ಎಲ್ಲ ಪತ್ರಿಕೆಗಳಲ್ಲೂ ಬಂತು. ಹಾರ್ಕಿವ್‌ನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ನಾಲ್ಕನೆಯ ವರ್ಷದಲ್ಲಿದ್ದ ಆ ಹುಡುಗ ಮಾರ್ಚ್ 1ರ ಬೆಳಿಗ್ಗೆ ನೆಲಮಾಳಿಗೆಯ ಆಶ್ರಯದಿಂದ ಹೊರಬಂದು ಆಹಾರ ಕೊಳ್ಳಲು ಸಾಲಿನಲ್ಲಿ ನಿಂತಿದ್ದಾಗ ದಾಳಿಗೆ ಸಿಕ್ಕಿ ತೀರಿಕೊಂಡ. ವಯಸ್ಸು ಇಪ್ಪತ್ತೊಂದು. ಮಾರ್ಚ್ 21ರಂದು ದೇಹ ಬೆಂಗಳೂರಿಗೆ ಬಂತು. ತಂದೆತಾಯಿ ಅದನ್ನು ಊರಿಗೆ ಒಯ್ದು ವಿಧಿಗಳನ್ನು ಮುಗಿಸಿ, ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಮಗ ಓದಲಾಗದ ಕಾಲೇಜಿನ ಪಾಠಕ್ಕೆ ಮಗನ ದೇಹ. ಇದರ ಬಗ್ಗೆ ಇನ್ನೇನು ಬರೆಯುವುದು?

ಮರುದಿನ, ಅಂದರೆ ಮಾರ್ಚ್ 2ರಂದು, ಭಾರತದ ರಾಯಭಾರ ಕಚೇರಿ ಹಾರ್ಕಿವ್‌ನಲ್ಲಿದ್ದವರಿಗೆ ಕೂಡಲೇ ಊರು ಬಿಡಿ, ವಾಹನ ಸಿಗದಿದ್ದರೆ ನಡೆದಾದರೂ ಸಂಜೆಯೊಳಗೆ ಪೆಸೊಚಿನ್ ಮುಂತಾದ ಹತ್ತಿರದ ಊರುಗಳನ್ನು ಸೇರಿ ಎಂದು ತಿಳಿಸಿತು. ಸುಮಿ ನಗರದಲ್ಲಿ ಸಿಕ್ಕಿಕೊಂಡಿದ್ದ ಆರುನೂರಕ್ಕೂ ಹೆಚ್ಚು ಮಕ್ಕಳು ಹೊರಬಂದದ್ದು ಮಾರ್ಚ್ 8ರಂದು. ನಲ್ಲಿ ನಿಂತುಹೋದಾಗ ಅವರು ಹಿಮವನ್ನು ಬಕೆಟ್ಟಿಗೆ ತುಂಬಿ ಕರಗಿಸಿದ ದೃಶ್ಯವನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ವಿಜ್ಞಾನದ ಮೇಷ್ಟ್ರ ಅಭ್ಯಾಸ, ಲೆಕ್ಕ ಹಾಕದೆ ಇರಲಾರೆ: ಆಗತಾನೆ ಬಿದ್ದ ಹಗುರವಾದ ಹಿಮದ ಸಾಂದ್ರತೆ ನೀರಿನ ಹತ್ತನೆಯ ಒಂದು ಪಾಲಿನಷ್ಟು. ಒಂದು ಬಕೆಟ್ ನೀರಿಗೆ ಹತ್ತು ಬಕೆಟ್ ಹಿಮ ಹೊರಬೇಕು. ‘ಆಪರೇಷನ್ ಗಂಗಾ’ ಮುಗಿಯುವ ಹೊತ್ತಿಗೆ ಉಕ್ರೇನಿನಿಂದ ಸುಮಾರು 22,500 ಭಾರತೀಯರು ಮನೆಗೆ ಮರಳಿದ್ದರು.

ಮನೆಗೆ ಬಂದ ಮೇಲೆ

ವಿಮಾನ ಇಳಿದು ಅಮ್ಮನನ್ನು ತಬ್ಬಿಕೊಂಡ ಚಿತ್ರದೊಂದಿಗೆ ಪತ್ರಿಕೆಗಳ ಮಟ್ಟಿಗೆ ಕಥೆ ಮುಗಿಯಿತು. ಮಕ್ಕಳ ಮಟ್ಟಿಗೆ ಕಷ್ಟ ಶುರುವಾದದ್ದೇ ಆಮೇಲೆ. ಮಾರ್ಚ್ ಮಧ್ಯದ ಹೊತ್ತಿಗೆ ಉಕ್ರೇನಿನ ಕೆಲವು ವಿಶ್ವವಿದ್ಯಾಲಯಗಳು ಆನ್‌ಲೈನ್ ಪಾಠ ಆರಂಭಿಸಿದವು. ಸೈರನ್ ಕೂಗಿದಾಗ ಅಧ್ಯಾಪಕರು ಪಾಠ ನಿಲ್ಲಿಸಿ ನೆಲಮಾಳಿಗೆಗೆ ಇಳಿಯುತ್ತಿದ್ದರು. ಇಲ್ಲಿ ಕೆಂಗೇರಿ ಉಪನಗರದ ಮನೆಯೊಂದರಲ್ಲಿ ಹುಡುಗ ಮೊಬೈಲ್ ಹಿಡಿದು ಕಾಯುತ್ತಿದ್ದ. ಪಾಠವೇನೋ ಹೀಗೆ ನಡೆಯಿತು. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟು ಯಕೃತ್ತನ್ನು ಗುರುತಿಸುವುದನ್ನು ಯಾವ ಮೊಬೈಲೂ ಕಲಿಸುವುದಿಲ್ಲ.

ನಿಯಮ ಇನ್ನೂ ಕಠಿಣ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ವಿದೇಶದಲ್ಲಿ ವೈದ್ಯಕೀಯ ಓದುವವರು ಕನಿಷ್ಠ 54 ತಿಂಗಳ ಓದನ್ನು ಒಂದೇ ಸಂಸ್ಥೆಯಲ್ಲಿ ಪೂರೈಸಬೇಕು, ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. ಯುದ್ಧವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಿಯಮವಲ್ಲ ಅದು. ಇಲ್ಲಿನ ಕಾಲೇಜುಗಳಲ್ಲಿ ಇವರಿಗೆ ಜಾಗ ಕೊಡಿ ಎಂದು ತಂದೆತಾಯಿ ದೆಹಲಿಯವರೆಗೂ ಹೋಗಿ ಧರಣಿ ಕೂತರು. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ, ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ ಎಂದು ತಿಳಿಸಿತು. ಅದೇ ತಿಂಗಳಲ್ಲಿ ಇನ್ನೊಂದು ಬಾಗಿಲು ಅರ್ಧ ತೆರೆಯಿತು. ಉಕ್ರೇನಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿಯೇ ಉಳಿದು, ತಾತ್ಕಾಲಿಕವಾಗಿ ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸುವ ವ್ಯವಸ್ಥೆಗೆ ಆಯೋಗ ತನ್ನ ಆಕ್ಷೇಪವಿಲ್ಲ ಎಂದಿತು. ಪದವಿ ಕೊಡುವುದು ಮೂಲ ವಿಶ್ವವಿದ್ಯಾಲಯವೇ. ಕೆಲವರು ಹಾಗೆ ಹೊರಟರು. ಉಜ್ಬೇಕಿಸ್ತಾನದ ಸಮರ್‌ಕಂದ್‌ನ ವೈದ್ಯಕೀಯ ವಿಶ್ವವಿದ್ಯಾಲಯವೊಂದೇ ಉಕ್ರೇನಿನಿಂದ ಬಂದ ಸಾವಿರಕ್ಕೂ ಹೆಚ್ಚು ಭಾರತೀಯ ಮಕ್ಕಳನ್ನು ಸೇರಿಸಿಕೊಂಡಿತು. ಸಮರ್‌ಕಂದ್ ಎಂದರೆ ನಮಗೆ ಸಮಾಜ ಪಾಠದ ತೈಮೂರನ ಊರು; ಅದು ಒಂದು ದಿನ ನಮ್ಮ ಪಕ್ಕದ ಮನೆ ಹುಡುಗಿಯ ವಿಳಾಸವಾಗುತ್ತದೆಂದು ಯಾರು ಅಂದುಕೊಂಡಿದ್ದರು!

ಇನ್ನು ಕೊನೆಯ ವರ್ಷದಲ್ಲಿದ್ದವರ ಪ್ರಶ್ನೆ. ಉಕ್ರೇನ್, ಚೀನಾ ಮುಂತಾದ ಕಡೆಗಳಿಂದ ಯುದ್ಧ ಅಥವಾ ಕೋವಿಡ್ ಕಾರಣಕ್ಕೆ ಮರಳಿದ ಇವರ ಬಗ್ಗೆ 2023ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ಒಂದು ದಾರಿಗೆ ಒಪ್ಪಿಗೆ ಕೊಟ್ಟಿತು. ಇಲ್ಲಿನ ಯಾವ ಕಾಲೇಜಿಗೂ ಸೇರದೆಯೇ ಎಂ.ಬಿ.ಬಿ.ಎಸ್. ಅಂತಿಮ ಪರೀಕ್ಷೆಯ ಮೊದಲ ಭಾಗ, ಅದಾದ ಒಂದು ವರ್ಷಕ್ಕೆ ಎರಡನೆಯ ಭಾಗ ಬರೆಯಬಹುದು. ಪ್ರಾಯೋಗಿಕ ಪರೀಕ್ಷೆ ಗೊತ್ತುಪಡಿಸಿದ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ. ಒಂದೇ ಅವಕಾಶ ಎಂದು ಸಮಿತಿ ಹೇಳಿದ್ದನ್ನು ನ್ಯಾಯಾಲಯ ಎರಡಕ್ಕೆ ಏರಿಸಿತು. ಆಮೇಲೆ ಎರಡು ವರ್ಷದ ಇಂಟರ್ನ್‌ಶಿಪ್. ಉಳಿದವರಿಗೆ ವಿದೇಶಿ ಪದವಿಯ ಮೇಲೆ ಬರೆಯಬೇಕಾದ ಎಫ್.ಎಂ.ಜಿ.ಇ. ಪರೀಕ್ಷೆ ಎಂದಿನಂತೆ ಇದ್ದೇ ಇತ್ತು: 300 ಪ್ರಶ್ನೆ, ಪಾಸಾಗಲು 150. ಹಲವು ಬಾರಿ ಬರೆದ ಐವರಲ್ಲಿ ಒಬ್ಬರಷ್ಟೇ ಪಾಸಾಗುವ ಪರೀಕ್ಷೆ ಅದು.

ಇಷ್ಟೆಲ್ಲ ಅಡೆತಡೆ ದಾಟಿದ ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ನನಗೆ ಗೊತ್ತಿರುವ ಒಬ್ಬಾಕೆ, ಹೆಸರು ಬೇಡ, ಹಿಂದಿರುಗಿದ ಮೊದಲ ಎರಡು ತಿಂಗಳು ಕೋಣೆ ಬಿಟ್ಟು ಹೊರಬರಲಿಲ್ಲ. ಪಟಾಕಿ ಶಬ್ದಕ್ಕೆ ಮೇಜಿನ ಕೆಳಗೆ ಕೂರುತ್ತಿದ್ದಳು. ಆಕೆಯನ್ನು ಮೊದಲು ಹೊರಗೆ ತಂದದ್ದು ಅವಳಂತೆಯೇ ಮರಳಿದ್ದ ಇನ್ನಿಬ್ಬರು. ಮೂವರೂ ಸೇರಿ ವಿಜಯನಗರದಲ್ಲಿ ಐ.ಎ.ಎಸ್., ಕೆ.ಎ.ಎಸ್. ಪರೀಕ್ಷೆಗೆ ಓದುವ ಹುಡುಗರಿಗೆಂದೇ ಇರುವ ವಾಚನಾಲಯವೊಂದರಲ್ಲಿ ತಿಂಗಳ ಬಾಡಿಗೆಗೆ ಮೂರು ಕುರ್ಚಿ ಹಿಡಿದರು. ಬೆಳಿಗ್ಗೆ ಎಂಟಕ್ಕೆ ಹಾಜರು. ಒಬ್ಬಳು ಔಷಧಶಾಸ್ತ್ರ ಓದಿ ಇಬ್ಬರಿಗೆ ಹೇಳುವುದು, ಇನ್ನೊಬ್ಬ ರೋಗಲಕ್ಷಣ ಹೇಳುವುದು. ಸುತ್ತಲೂ ಕುಳಿತವರೆಲ್ಲ ಯಾವುದೋ ಪರೀಕ್ಷೆಯಲ್ಲಿ ಒಮ್ಮೆಯಾದರೂ ಸೋತವರೇ, ಆದ್ದರಿಂದ ಅಲ್ಲಿ ಯಾರೂ ಯಾರನ್ನೂ ವಿಚಿತ್ರವಾಗಿ ನೋಡುತ್ತಿರಲಿಲ್ಲ ಎಂದು ಆಕೆ ಆಮೇಲೆ ಹೇಳಿದಳು. ಎರಡನೆಯ ಪ್ರಯತ್ನಕ್ಕೆ ಪಾಸಾದಳು.

ಈ ಮಕ್ಕಳಿಗೆ ಬಂದ ಕಷ್ಟ ದೊಡ್ಡದು, ಆದರೆ ಅವರ ಬೆನ್ನಿಗೆ ಜನರಿದ್ದರು. ತಂದೆತಾಯಿ ಸಂಘ ಕಟ್ಟಿಕೊಂಡರು, ವಕೀಲರ ಖರ್ಚು ಹಂಚಿಕೊಂಡರು, ನೆರೆಯವರು ಊಟ ಕಳಿಸಿದರು. ತಪ್ಪು ಯುದ್ಧದ್ದು, ಮಗುವಿನದ್ದಲ್ಲ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಡಬ್ಲಿನ್‌ನಲ್ಲೋ ಡಲ್ಲಾಸ್‌ನಲ್ಲೋ ಒಬ್ಬನೇ ಕೋಣೆಯಲ್ಲಿ ಕೂತು, ತರಗತಿಗೆ ಹೋಗುವುದನ್ನು ನಿಲ್ಲಿಸಿ, ಮನೆಗೆ ಫೋನಿನಲ್ಲಿ ‘ಚೆನ್ನಾಗಿದ್ದೀನಿ’ ಎನ್ನುವ ಹುಡುಗನಿಗೆ ಅದಕ್ಕಿಂತ ಎಷ್ಟೋ ಚಿಕ್ಕ ಕಷ್ಟ. ಆದರೆ ಅವನ ಬೆನ್ನಿಗೆ ಒಬ್ಬರೂ ಇಲ್ಲ, ಏಕೆಂದರೆ ಯಾರಿಗೂ ಗೊತ್ತೇ ಇಲ್ಲ.

ಹೇಳಲು ತಡವಾಗುವುದೇಕೆ?

ಒಂದು ಕಾರಣ ಸಾಲ. ಅಪ್ಪ ಮನೆಪತ್ರ ಒತ್ತೆಯಿಟ್ಟು ಕಳಿಸಿದ್ದಾರೆಂದು ಗೊತ್ತಿರುವ ಮಗು ಸೋತೆ ಎಂದು ಹೇಗೆ ಹೇಳೀತು? ಇನ್ನೊಂದು, ಹತ್ತನೆಯ ತರಗತಿಯಿಂದ ‘ಜಾಣ’ ಎಂಬ ಬಿರುದು ಹೊತ್ತು ಬಂದವರಿಗೆ ಎಡವಿ ಅಭ್ಯಾಸವೇ ಇರುವುದಿಲ್ಲ. ಇದರಲ್ಲಿ ನಮ್ಮಂಥ ಮೇಷ್ಟ್ರುಗಳ ಪಾಲೂ ಇದೆಯೆನ್ನಿ.

ಮೂರನೆಯದು ತಮಾಷೆಯೂ ಹೌದು, ದುಃಖವೂ ಹೌದು: ಅಲ್ಲಿನ ಅಂಕ ನಮಗೆ ಅರ್ಥವಾಗುವುದಿಲ್ಲ. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಓದಿನಲ್ಲಿ 50 ಬಂದರೆ ಪಾಸು, 70 ದಾಟಿದರೆ ಡಿಸ್ಟಿಂಕ್ಷನ್. 62 ತೆಗೆದ ಹುಡುಗಿ ಸಂತೋಷದಿಂದ ಹೇಳಿದರೆ ಇಲ್ಲಿ ಅಮ್ಮ, ‘ಎಸ್ಸೆಸ್ಸೆಲ್ಸಿಯಲ್ಲಿ 94 ಬಂದಿತ್ತಲ್ಲೇ!’ ಎಂದು ಕಣ್ಣೀರು ಹಾಕುತ್ತಾರೆ. ಜರ್ಮನಿಯಲ್ಲಿ ಎಣಿಕೆಯೇ ತಿರುಗುಮುರುಗು; 1 ಎಂದರೆ ಅತ್ಯುತ್ತಮ, 5 ಎಂದರೆ ಫೇಲು. ಮಗನಿಗೆ 1.7 ಬಂತೆಂದು ಕೇಳಿ ಒಂದು ವಾರ ಊಟ ಬಿಟ್ಟ ತಂದೆಯನ್ನು ನಾನು ಬಲ್ಲೆ. ಒಮ್ಮೆ ಹೀಗೆ ಬೈಸಿಕೊಂಡ ಮಗು ಮುಂದಿನ ಸಲ ನಿಜಕ್ಕೂ ಫೇಲಾದಾಗ ಬಾಯಿ ಬಿಡುತ್ತದೆಯೇ?

ತಡವಾಗಿ ಹೇಳಿದರೆ ಆಗುವ ನಷ್ಟ ಮಾತ್ರ ತಮಾಷೆಯದಲ್ಲ. ಎಲ್ಲ ದೇಶಗಳಲ್ಲೂ ಎಡವಿದ ವಿದ್ಯಾರ್ಥಿಗೆ ಕೈಹಿಡಿಯುವ ನಿಯಮಗಳಿವೆ. ಆದರೆ ಅವು ಮೊದಲೇ ಕೇಳಿದವರಿಗೆ. ಅಮೆರಿಕದ ಎಫ್-1 ವೀಸಾದಲ್ಲಿ ಓದುವವರು ಪ್ರತಿ ಸೆಮಿಸ್ಟರ್ ಪೂರ್ಣ ಪ್ರಮಾಣದ ವಿಷಯಗಳನ್ನು ತೆಗೆದುಕೊಂಡಿರಬೇಕು. ಕಾಯಿಲೆಯಿದ್ದರೆ, ಮನಸ್ಸಿನ ಕಾಯಿಲೆಯೂ ಸೇರಿ, ವೈದ್ಯರ ಪತ್ರದೊಂದಿಗೆ ಹೊರೆ ಇಳಿಸಿಕೊಳ್ಳಲು ಅನುಮತಿ ಸಿಗುತ್ತದೆ. ಒಂದೊಂದು ಪದವಿ ಹಂತದಲ್ಲಿ ಒಟ್ಟು 12 ತಿಂಗಳವರೆಗೆ. ಹೊಸ ದೇಶದ ಬೋಧನಾ ಕ್ರಮ ಒಗ್ಗದೆ ಕಷ್ಟಪಡುವವರಿಗೂ ಒಂದು ಸಲ ಇಂಥ ಅವಕಾಶವಿದೆ. ಆದರೆ ವಿಶ್ವವಿದ್ಯಾಲಯದಲ್ಲಿರುವ ವಿದೇಶಿ ವಿದ್ಯಾರ್ಥಿಗಳ ಕಚೇರಿಯಿಂದ ಅನುಮತಿ ಪಡೆದ ನಂತರ ವಿಷಯ ಬಿಡಬೇಕು. ಮೊದಲು ಬಿಟ್ಟು ಆಮೇಲೆ ಹೋಗಿ ಅತ್ತರೆ ವೀಸಾಕ್ಕೇ ಕುತ್ತು. ಒಂದು ಸಹಿ ಹಿಂದೆಮುಂದೆ ಆದದ್ದಕ್ಕೆ ಊರಿಗೆ ಮರಳಬೇಕಾಗುತ್ತದೆ.

ಜರ್ಮನಿಯಲ್ಲಿ ಹೆಚ್ಚಿನ ಕಡೆ ಒಂದು ಪರೀಕ್ಷೆಗೆ ಮೂರು ಅವಕಾಶ. ಕಡ್ಡಾಯ ವಿಷಯವೊಂದರಲ್ಲಿ ಅವು ಮುಗಿದರೆ ಹೆಸರು ತೆಗೆದುಹಾಕುತ್ತಾರೆ. ಅದೇ ಕೋರ್ಸನ್ನು ಆ ದೇಶದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಓದುವುದೂ ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಎರಡನೆಯ ಸಲ ಸೋತ ಹುಡುಗ ಮೂರನೆಯದಕ್ಕೆ ಕೂರುವ ಮೊದಲೇ ಪ್ರಾಧ್ಯಾಪಕರ ಬಳಿ ಹೋಗಿ ಉತ್ತರಪತ್ರಿಕೆ ನೋಡಿ, ತಪ್ಪೆಲ್ಲಿ ಎಂದು ಕೇಳಬೇಕು. ಅಲ್ಲಿ ಅದು ವಿದ್ಯಾರ್ಥಿಯ ಹಕ್ಕು. ನಮ್ಮ ಮಕ್ಕಳು ಸಂಕೋಚ ಪಡುತ್ತಾರೆ. ಮೇಷ್ಟ್ರನ್ನು ಪ್ರಶ್ನೆ ಕೇಳುವುದು ಅವಿನಯ ಎಂದು ಹತ್ತು ವರ್ಷ ಕಲಿಸಿದ್ದು ಒಂದು ವಿಮಾನ ಪ್ರಯಾಣದಲ್ಲಿ ಹೋಗುತ್ತದೆಯೇ?

ಬಿಸಿಲಿನ ಲೆಕ್ಕ

ಇದರ ನಡುವೆ ನನ್ನ ಪಾಠಕ್ಕೆ ಸೇರಿದ ಒಂದು ಸಂಗತಿಯಿದೆ. ಸೆಪ್ಟೆಂಬರ್‌ನಲ್ಲಿ ಉತ್ಸಾಹದಿಂದ ಹೋದ ಮಗು ಡಿಸೆಂಬರ್ ಹೊತ್ತಿಗೆ ಮಂಕಾಗುವುದನ್ನು ಬಹಳ ತಂದೆತಾಯಿ ಗಮನಿಸಿದ್ದಾರೆ. ಮನೆಯ ನೆನಪು, ಊಟ, ಚಳಿ ಎಲ್ಲವೂ ನಿಜ. ಬೆಳಕೂ ಒಂದು ಕಾರಣ. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರಂದೂ ನಮಗೆ ಹನ್ನೊಂದು ಗಂಟೆಗೂ ಹೆಚ್ಚು ಹಗಲು, ಮಧ್ಯಾಹ್ನದ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲೆ. ಹಾರ್ಕಿವ್ 50 ಡಿಗ್ರಿಯಲ್ಲಿದೆ, ಲಂಡನ್ ಇನ್ನೂ ಸ್ವಲ್ಪ ಉತ್ತರಕ್ಕೆ. ಅಲ್ಲಿ ಆ ದಿನ ಹಗಲು ಎಂಟು ಗಂಟೆ, ಸೂರ್ಯ ನಡುಹಗಲಿನಲ್ಲೂ 17 ಡಿಗ್ರಿ ಏರುವುದಿಲ್ಲವೆಂದೇ ಹೇಳಬೇಕು, ಅದೂ ಮೋಡವಿಲ್ಲದಿದ್ದರೆ. ತೊಂಬತ್ತರಿಂದ ಅಕ್ಷಾಂಶವನ್ನೂ ಭೂಮಿಯ ಓರೆಯ 23.5 ಡಿಗ್ರಿಯನ್ನೂ ಕಳೆಯಿರಿ, ಉತ್ತರ ನಿಮಗೇ ಸಿಗುತ್ತದೆ.

ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ನೋಡುವುದಕ್ಕಲ್ಲದೆ, ಬೆಳಕೆಷ್ಟಿದೆ ಎಂದು ಅಳೆದು ಮಿದುಳಿನ ಗಡಿಯಾರಕ್ಕೆ ತಿಳಿಸುವ ಜೀವಕೋಶಗಳೂ ಇವೆ. ಕತ್ತಲಲ್ಲಿ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸಿ ನಿದ್ದೆ ತರುತ್ತದೆ. ಬೆಳಗಿನ ಬೆಳಕು ಸಾಲದಿದ್ದರೆ ಈ ಗಡಿಯಾರ ತಪ್ಪುತ್ತದೆ. ರಾತ್ರಿ ನಿದ್ದೆಯಿಲ್ಲ, ಹಗಲು ಎಚ್ಚರವಿಲ್ಲ. ಚಳಿಗಾಲದಲ್ಲಿ ಬರುವ ಇಂಥ ಖಿನ್ನತೆಯನ್ನು ನಾರ್ಮನ್ ರೋಸೆಂತಾಲ್ ಎಂಬ ವೈದ್ಯರೂ ಅವರ ಸಂಗಡಿಗರೂ 1984ರಲ್ಲಿ ವಿವರಿಸಿ ಹೆಸರಿಟ್ಟರು. ಎಲ್ಲರಿಗೂ ಬರುವುದಿಲ್ಲ. ಬಂದವರು ತಮ್ಮನ್ನು ಸೋಮಾರಿ ಎಂದು ಬೈದುಕೊಳ್ಳುತ್ತ ಪರದೆ ಎಳೆದು ಮಲಗುತ್ತಾರೆ. ಅದರಿಂದ ಇನ್ನಷ್ಟು ಹೆಚ್ಚುತ್ತದೆ. ಮೋಡ ಮುಸುಕಿದ್ದರೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಹಲವು ಪಟ್ಟು ಹೆಚ್ಚು. ಬೆಳಗಾದ ಕೂಡಲೇ ಅರ್ಧ ಗಂಟೆ ನಡೆದು ಬಾ ಎಂದು ಹೇಳುವುದು ಅಜ್ಜಿಯ ಉಪದೇಶವೂ ಹೌದು, ಶರೀರಶಾಸ್ತ್ರವೂ ಹೌದು. ಎರಡು ವಾರಕ್ಕೂ ಮೀರಿ ಊಟ, ನಿದ್ದೆ, ಓದು ಮೂರೂ ಕೆಟ್ಟಿದ್ದರೆ ನಡಿಗೆ ಸಾಲದು, ವೈದ್ಯರನ್ನು ಕಾಣಬೇಕು. ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಆಪ್ತಸಲಹೆಯ ವಿಭಾಗವಿರುತ್ತದೆ. ಇಲ್ಲಿ ಕೂತು ಏನು ಮಾಡಬೇಕೆಂದು ತೋಚದ ತಂದೆತಾಯಿ 14416 ಸಂಖ್ಯೆಯ ಟೆಲಿ-ಮಾನಸ್‌ಗೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡುತ್ತಾರೆ.

ಕೇಂಬ್ರಿಜ್‌ನ ಒಬ್ಬ ಹುಡುಗ

ಮಂಕಾಗುವುದು ಸಾಮಾನ್ಯ ಬುದ್ಧಿಯವರಿಗೆ ಮಾತ್ರ ಎಂದುಕೊಂಡವರಿಗೆ ನಾನು ಹೇಳುವ ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಮುಂದೆ ಬೆಂಗಳೂರಿಗೆ ಬಂದು ಮಲ್ಲೇಶ್ವರದವರೇ ಆಗಿಹೋದ ಸಿ.ವಿ. ರಾಮನ್ ಅವರ ಅಣ್ಣನ ಮಗ. 1930ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮದರಾಸಿನಿಂದ ಕೇಂಬ್ರಿಜ್‌ಗೆ ಹೊರಟಾಗ ತಾಯಿ ಕಾಯಿಲೆಯಲ್ಲಿದ್ದರು. ಹೋಗು ಎಂದು ಒತ್ತಾಯ ಮಾಡಿದವರೂ ಅವರೇ. ಮರುವರ್ಷ ಮೇ ತಿಂಗಳಲ್ಲಿ ತಾಯಿ ತೀರಿಕೊಂಡರು. ಹಡಗಿನ ಕಾಲ, ಬರುವಂತಿರಲಿಲ್ಲ.

ಕೇಂಬ್ರಿಜ್‌ನಲ್ಲಿ ಸುತ್ತಲೂ ಡಿರಾಕ್‌ನಂಥವರು. ಊರಿನಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗನಿಗೆ ತಾನು ಆರಿಸಿಕೊಂಡ ವಿಷಯವೇ ತಪ್ಪೇನೋ ಎನಿಸತೊಡಗಿತು. ಡಿರಾಕ್ ಅವರ ಸಲಹೆಯಂತೆ ಮೂರನೆಯ ವರ್ಷವನ್ನು ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಕಳೆದರು. ಅಲ್ಲಿ ಗೆಳೆಯರು ಸಿಕ್ಕರು, ಮನಸ್ಸು ಹಗುರವಾಯಿತು. ಕೆಲಸ? ಡಿರಾಕ್ ಸೂಚಿಸಿದ್ದ ದೊಡ್ಡ ಸಮಸ್ಯೆಯ ಮೇಲೆ ತಿಂಗಳುಗಟ್ಟಲೆ ದುಡಿದದ್ದು ಫಲ ಕೊಡಲಿಲ್ಲ. ಅದರ ಜೊತೆಜೊತೆಗೆ, ತನ್ನ ಮೂಲ ವಿಷಯದಲ್ಲಿ, ತಿರುಗುವ ನಕ್ಷತ್ರಗಳ ಸಮತೋಲನದ ಬಗ್ಗೆ ಬರೆದಿಟ್ಟಿದ್ದ ಲೇಖನಗಳಿದ್ದವು. ಅವೇ 1933ರಲ್ಲಿ ಪಿಎಚ್.ಡಿ. ಪ್ರಬಂಧವಾದವು. ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋಶಿಪ್ಪೂ ಬಂತು, ಅವರಿಗೆ ಅದರ ಆಸೆಯೇ ಇರಲಿಲ್ಲ. ಐವತ್ತು ವರ್ಷದ ನಂತರ, 1983ರಲ್ಲಿ, ನೊಬೆಲ್.

ನೊಬೆಲ್ ಬಂತೆಂದು ಈ ಕಥೆ ಹೇಳುತ್ತಿಲ್ಲ. ಎಲ್ಲರ ಮಕ್ಕಳಿಗೂ ನೊಬೆಲ್ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನೋಡಬೇಕಾದದ್ದು ಆ ಮೂರನೆಯ ವರ್ಷವನ್ನು. ಆತ ಕಷ್ಟವನ್ನು ತನ್ನ ಹಿರಿಯರೊಬ್ಬರ ಮುಂದೆ ಹೇಳಿಕೊಂಡ. ಅವರು ಗದರಲಿಲ್ಲ, ಜಾಗ ಬದಲಿಸು ಎಂದರು. ಸೋತ ಕೆಲಸದ ಲೆಕ್ಕವನ್ನಷ್ಟೇ ಇಟ್ಟುಕೊಂಡು ಕೂರದೆ, ಈಗಾಗಲೇ ಮುಗಿಸಿದ್ದನ್ನೂ ಎಣಿಸಿ ನೋಡಿದ. ನಮ್ಮ ಮಕ್ಕಳೂ ಹೀಗೆ ಎಣಿಸುವುದಿಲ್ಲ. ಆರು ವಿಷಯದಲ್ಲಿ ಎರಡು ಹೋದರೆ ಉಳಿದ ನಾಲ್ಕರ ಕ್ರೆಡಿಟ್ ಕೈಯಲ್ಲಿಯೇ ಇರುತ್ತದೆ. ಆದರೆ ಮನಸ್ಸಿಗೆ ‘ಎಲ್ಲಾ ಹೋಯಿತು’ ಎಂದೇ ಅನ್ನಿಸುವುದು.

ಫೋನಿನಲ್ಲಿ

ಇನ್ನು ತಂದೆತಾಯಿಗೆ ಎರಡು ಮಾತು. ಡಲ್ಲಾಸ್‌ನಲ್ಲಿರುವ ಮಗನಿಗೆ ಇಲ್ಲಿ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಿದರೆ ಚಳಿಗಾಲದಲ್ಲಿ ಅಲ್ಲಿ ಹಿಂದಿನ ಸಂಜೆ ಏಳೂವರೆ. ದಿನದ ದಣಿವು ಮುಗಿದಿರುವ ಹೊತ್ತು. ‘ಪರೀಕ್ಷೆ ಹೇಗಾಯ್ತು?’ ಎಂದು ಶುರು ಮಾಡಿದರೆ ‘ಪರವಾಗಿಲ್ಲಪ್ಪ’ ಎಂಬ ಒಂದೇ ಉತ್ತರಕ್ಕೆ ಮಾತು ಮುಗಿಯುತ್ತದೆ. ಏನು ಅಡುಗೆ ಮಾಡಿದೆ, ಯಾರ ಜೊತೆ ಊಟ ಮಾಡಿದೆ ಎಂದು ಕೇಳಿ ನೋಡಿ. ನಾಲ್ಕು ವಾರ ಸತತವಾಗಿ ‘ಒಬ್ಬನೇ’, ‘ಬ್ರೆಡ್ಡು’ ಎಂಬ ಉತ್ತರ ಬಂದರೆ ಅಂಕಪಟ್ಟಿಗೆ ಕಾಯಬೇಕಿಲ್ಲ. ಕೆಲಸಕ್ಕೆ ಎಷ್ಟು ಗಂಟೆ ಹೋಗುತ್ತಿದ್ದಾನೆ ಎಂದೂ ಕೇಳಿ. ವಾರಕ್ಕೆ 20 ಗಂಟೆಯ ಮಿತಿ ಅಮೆರಿಕ, ಬ್ರಿಟನ್ ಎರಡೂ ಕಡೆ ಓದಿನ ಅವಧಿಯಲ್ಲಿದೆ. ಸಾಲದ ಕಂತಿನ ಭಯಕ್ಕೆ ಅದನ್ನು ಮೀರಿ ದುಡಿಯುವವರಿಗೆ ಓದೂ ಹೋಗುತ್ತದೆ, ವೀಸಾನೂ ಹೋಗಬಹುದು.

ಆ ಭಯ ಅರ್ಧ ಕಡಿಮೆಯಾಗುವ ಒಂದು ವಿಷಯ ಬಹಳ ಮನೆಗಳಿಗೆ ಗೊತ್ತಿಲ್ಲ. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ, ನಿಗದಿತ ಸಮಯದಲ್ಲಿ ಕೋರ್ಸು ಮುಗಿಯದಿದ್ದರೆ ಅವಧಿ ವಿಸ್ತರಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ವಿಶ್ವವಿದ್ಯಾಲಯದ ಪತ್ರ ಹಿಡಿದು, ಕಂತು ತಪ್ಪುವ ಮೊದಲೇ ಮ್ಯಾನೇಜರನ್ನು ಕಾಣಬೇಕು. ಇದನ್ನು ಅಪ್ಪನೇ ಹೋಗಿ ವಿಚಾರಿಸಿ ಮಗನಿಗೆ ಹೇಳಿದರೆ, ಬಾಯಲ್ಲಿ ಹತ್ತು ಸಲ ‘ಚಿಂತೆ ಮಾಡಬೇಡ’ ಅಂದದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ನನಗೆ ಗೊತ್ತಿರುವ ಒಬ್ಬ ಹುಡುಗ ಸತ್ಯ ಬಾಯಿಬಿಟ್ಟದ್ದೇ ಆ ಫೋನಿನ ನಂತರ.

ಓದು ನಿಲ್ಲಿಸಿ ಬರುವುದೇ ಸರಿ ಎಂದು ತೀರ್ಮಾನವಾಗುವುದೂ ಉಂಟು. ಅದರಲ್ಲಿ ತಪ್ಪೇನೂ ಇಲ್ಲ. ಬೆಂಗಳೂರಿನಲ್ಲೇ ಓದು ಮುಗಿಸಿ ಚೆನ್ನಾಗಿರುವವರನ್ನು ಕೆಂಗೇರಿಯಿಂದ ಮೆಟ್ರೊ ಹತ್ತಿದರೆ ಒಂದೊಂದು ಬೋಗಿಯಲ್ಲೂ ಕಾಣಬಹುದು. ಆದರೆ ಬರಿಗೈಯಲ್ಲಿ ಬರಬಾರದು. ಹೊರಡುವ ಮೊದಲು ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಮುಗಿಸಿದ ವಿಷಯಗಳ ಅಧಿಕೃತ ಅಂಕಪಟ್ಟಿ, ಪ್ರತಿ ವಿಷಯದ ಪಠ್ಯಕ್ರಮದ ಮುದ್ರಿತ ಪ್ರತಿ, ಎಷ್ಟು ದಿನ ಓದಿದ್ದಾನೆ ಎಂಬ ಪತ್ರ, ಇವನ್ನು ಮೊಹರಿನೊಂದಿಗೆ ಪಡೆಯಬೇಕು. ರಜೆಯ ಮೇಲೆ ಹೋಗುತ್ತಿದ್ದೇನೆ ಎಂದು ಬರೆದುಕೊಟ್ಟು ಹಿಂದಿರುಗುವ ಹಕ್ಕು ಉಳಿಸಿಕೊಳ್ಳಲು ಸಾಧ್ಯವೇ ಎಂದೂ ಅಲ್ಲೇ ಕೇಳಬೇಕು. ಉಕ್ರೇನಿನಿಂದ ಉಟ್ಟ ಬಟ್ಟೆಯಲ್ಲಿ ಬಂದ ಮಕ್ಕಳಲ್ಲಿ ಹಲವರು ಇದೇ ಕಾಗದಗಳಿಗಾಗಿ ತಿಂಗಳುಗಟ್ಟಲೆ ಇಮೇಲ್ ಬರೆದು ಕಾದರು. ತಂದ ಫೈಲನ್ನು ಅಟ್ಟದ ಮೇಲೆ ಹಾಕಬೇಡಿ, ಕೈಗೆ ಸಿಗುವ ಕಡೆ ಇಡಿ.